ಬಾಕಿಮಾರಿನ ಹೆಂಚು

ನೀಲಾವತಿಗೆ ಕೇಳುವ ಚಾಳಿ ವಿಪರೀತ ಎಂದು ಅವಳ ಅಣ್ಣ ಮುಂಡಪ್ಪ ವಾಮದಪದವಿನ ಅಂಗಡಿ ಜಗಲಿಗಳಲ್ಲೆಲ್ಲ ಹೇಳಿಕೊಂಡು ನಗುತ್ತಿದ್ದ. ಅದೇನೂ ಸುಳ್ಳಲ್ಲ. ಬಳೆಗಾರ ಬಂದರೆ ಬಳೆ ಏರಿಸಿಕೊಳ್ಳುವ ಮೊದಲು, ಗಾಜನ್ನು ಒಡೆಯದ ಹಾಗೆ ಬಗ್ಗಿಸುವುದು ಹೇಗೆಂದು ಅವಳಿಗೆ ತಿಳಿಯಬೇಕು. ಬಾವಿಗೆ ರಾಟೆ ಹಾಕಲು ಬಂದ ಆಚಾರಿಯನ್ನು ಮಾತಿಗೆಳೆದು, ಅರ್ಧ ದಿನದ ಕೆಲಸ ಬಾಯಿಮಾತಿನಲ್ಲೇ ಹೋಯಿತೆಂದು ಮುಂಡಪ್ಪ ರೇಗಿದ್ದೂ ಉಂಟು. ಶಾಲೆಯಲ್ಲಿ ಓದಿದ್ದು ಮೂರನೆಯ ಕ್ಲಾಸು. ಅದರಿಂದಾಚೆಗಿನದನ್ನೆಲ್ಲ ಅವಳು ಹೀಗೆ ಅಂಗಳಕ್ಕೆ ಬಂದವರಿಂದ ಕೇಳಿಯೇ ಕಲಿತವಳು.

ಅಂಥವಳ ಮಗ ನಿತ್ಯಾನಂದ ಐವತ್ತೆಂಟನೆಯ ಇಸವಿಯ ಮಳೆಗಾಲದಲ್ಲಿ ಪಾಣೆಮಂಗಳೂರಿನ ಹೆಂಚಿನ ಕಂಪೆನಿಗೆ ಸೇರಿದ. ಸೇರಿದ ಎಂದರೆ ನೌಕರಿಗಲ್ಲ. ಮೂಡಬಿದ್ರಿಯಲ್ಲಿ ಹೈಸ್ಕೂಲು ಮುಗಿಸಿ ಮಂಗಳೂರಿನಲ್ಲಿ ಡಿಪ್ಲೊಮಾ ಓದುತ್ತಿದ್ದ ಹುಡುಗ ಅವನು. ಕೊನೆಯಲ್ಲಿ ಒಂದು ವರ್ಷ ಯಾವುದಾದರೂ ಕಂಪೆನಿಯಲ್ಲಿ ಕೆಲಸ ಕಲಿತು, ಅಲ್ಲಿಂದ ಸರ್ಟಿಫಿಕೇಟು ತಂದರೆ ಮಾತ್ರ ಡಿಪ್ಲೊಮಾ ಕೈಗೆ ಸಿಗುವುದು. ವಾರವಿಡೀ ಪಾಣೆಮಂಗಳೂರು ಪೇಟೆಯಲ್ಲಿ ಪರಿಚಯದವರ ಅಂಗಡಿಯ ಅಟ್ಟದಲ್ಲಿ ಮಲಗಿ, ಶನಿವಾರ ಸಂಜೆಯ ಬಸ್ಸಿಗೆ ಅವನು ಮನೆಗೆ ಬರುತ್ತಿದ್ದ.

ಮನೆ ಎಂದರೆ ಮುಳಿಹುಲ್ಲು ಹೊದೆಸಿದ ಮಾಡಿನ ಮನೆ. ಎದುರಿಗೇ ದೊಡ್ಡ ಗದ್ದೆ. ಮನೆಯೆದುರಿನ ಗದ್ದೆಗೆ ಆ ಕಡೆ ಎಲ್ಲರೂ ಹೇಳುವಂತೆ ಅದಕ್ಕೂ ಬಾಕಿಮಾರು ಎಂದೇ ಹೆಸರು. ಗಂಡ ತೀರಿಕೊಂಡ ಮೇಲೆ ನೀಲಾವತಿ ಮಗ ನಿತ್ಯಾನಂದ, ಮಗಳು ಕಾಂತಿ ಇಬ್ಬರನ್ನೂ ಕರೆದುಕೊಂಡು ತವರಿಗೇ ಬಂದಿದ್ದಳು. ಅಳಿಯಸಂತಾನದ ಮನೆಯಾದ್ದರಿಂದ ಅದು ಯಾರ ಹಂಗೂ ಅಲ್ಲ. ಹೆಣ್ಣಿನ ಕಡೆಯಿಂದ ಇಳಿದು ಬಂದ ಗದ್ದೆ, ಅವಳದೇ ಹಕ್ಕು. ಯಜಮಾನಿಕೆ ಮಾತ್ರ ಮುಂಡಪ್ಪನದು. ಅವನ ಹೆಂಡತಿ ಮಕ್ಕಳು ಶಿರ್ತಾಡಿಯಲ್ಲಿ, ಹೆಂಡತಿಯ ಮನೆಯಲ್ಲಿ. ಅಲ್ಲಿ ಹೆಂಚಿನ ಮಾಡು. ಅಲ್ಲಿಗೆ ಹೋಗಿ ಬಂದಾಗಲೆಲ್ಲ ಮುಂಡಪ್ಪ ಈ ಮುಳಿಯ ಮಾಡನ್ನು ಮುಖ ಸಿಂಡರಿಸಿಕೊಂಡು ನೋಡುತ್ತಿದ್ದ. ಹೆಂಡತಿಯ ಅಣ್ಣತಮ್ಮಂದಿರು ಏನಾದರೂ ಅಂದಿರಬೇಕು.

ಮೊದಲ ಶನಿವಾರ ಕುಚ್ಚಲಕ್ಕಿ ಅನ್ನಕ್ಕೆ ಹುರುಳಿ ಸಾರು ಬಡಿಸುತ್ತಲೇ ನೀಲಾವತಿ ಶುರು ಮಾಡಿದಳು.

"ಎಂತ ಮಾಡಿಸಿದರು ಮಗ, ಈ ವಾರ?"

"ಮಣ್ಣು ನೋಡುವ ಕೆಲಸ ಅಮ್ಮ."

"ಮಣ್ಣಿನಲ್ಲಿ ನೋಡುವುದೆಂತ ಉಂಟು?"

"ಜಿಗುಟು ಎಷ್ಟು, ಮರಳು ಎಷ್ಟು, ಒಣಗಿದರೆ ಎಷ್ಟು ಕುಗ್ತದೆ, ಅದೆಲ್ಲ."

"ಮಣ್ಣು ನೋಡ್ಲಿಕ್ಕೆ ಮೂರು ವರ್ಷ ಓದಬೇಕಿತ್ತಾ ಅಣ್ಣ?" ಎಂದಳು ಕಾಂತಿ. "ಇಲ್ಲಿಯೇ ಇದ್ದಿದ್ದರೆ ಬೇಕಾದಷ್ಟು ತೋರಿಸ್ತಿದ್ದೆ."

"ನಿನ್ನದು ಬಾಯಿಯಾ ಅಥವಾ ಬಸ್ಸಿನ ಹಾರನ್ನಾ?" ಎಂದು ಅವನು ತಂಗಿಯ ತಟ್ಟೆಯಿಂದ ಒಣಮೀನಿನ ತುಂಡನ್ನು ಎತ್ತಿಕೊಂಡ.

ನಿತ್ಯಾನಂದನ ಸ್ವಭಾವ ತಾಯಿಯದಕ್ಕೆ ತದ್ವಿರುದ್ಧ. ಕೇಳಿದ್ದಕ್ಕೆ ಸರಿಯಾಗಿ, ಕೇಳಿದಷ್ಟೇ ಉತ್ತರ ಹೇಳುವವನು. ತಾನಾಗಿ ಬಾಯಿಬಿಟ್ಟು ಒಂದು ಸುದ್ದಿ ಹೇಳಿದ್ದು ಯಾರಿಗೂ ನೆನಪಿಲ್ಲ. ಆದರೆ ಕೇಳುವವಳು ನೀಲಾವತಿಯಂಥವಳಾದರೆ ಇದು ಏನೂ ಕೊರತೆಯಲ್ಲ. ಹಾಗೆ ಒಂದೊಂದೇ ಶನಿವಾರ ಒಂದೊಂದು ಪ್ರಶ್ನೆಗೆ ಕಂಪೆನಿ ಅವಳ ಅಡುಗೆಮನೆಯೊಳಗೆ ಬಂದು ಕೂತಿತು. ಮಣ್ಣನ್ನು ಅರೆಯುವ ಯಂತ್ರ, ಒತ್ತುವ ಪ್ರೆಸ್ಸು, ಹಸಿ ಹೆಂಚಿನ ಅಂಚು ಸವರುವ ಹೆಂಗಸರು, ವಾರಗಟ್ಟಲೆ ನೆರಳಿನಲ್ಲಿ ಒಣಗುವ ಸಾಲುಗಳು, ಕೊನೆಗೆ ಭಟ್ಟಿ.

"ಬೂದು ಮಣ್ಣು ಹಾಕಿದರೆ ಕೆಂಪು ಹೆಂಚು ಬರುವುದು ಹೇಗೆ?"

"ಮಣ್ಣಿನಲ್ಲಿ ಕಬ್ಬಿಣದ ಅಂಶ ಉಂಟು. ಬೆಂಕಿಗೆ ಅದು ಕೆಂಪಾಗ್ತದೆ."

"ಮತ್ತೆ ಮಳೆಗೆ ಕರಗುವುದಿಲ್ಲವಾ?"

"ಒಮ್ಮೆ ಸುಟ್ಟ ಮೇಲೆ ಇಲ್ಲ. ಎಷ್ಟು ವರ್ಷ ನೀರಿನಲ್ಲಿದ್ದರೂ ಕರಗುವುದಿಲ್ಲ."

"ಎಷ್ಟು ವರ್ಷವಾದರೂ?" ಎಂದು ಅವಳು ಸೌಟು ಹಿಡಿದುಕೊಂಡೇ ನಿಂತುಬಿಟ್ಟಳು. ಒಲೆಯ ಮೇಲೆ ಸಾರು ಉಕ್ಕಿ ಹೋಯಿತು.

ಅವನು ಹೇಳದ ಸುದ್ದಿಯನ್ನು ಅವನ ಪ್ಯಾಂಟು ಹೇಳುತ್ತಿತ್ತು. ಕಂಪೆನಿಯಲ್ಲಿ ಪ್ಯಾಂಟು ಹಾಕಲೇಬೇಕೆಂದು ಮೆನೇಜರ್ ಕಟ್ಟಪ್ಪಣೆ ಮಾಡಿದ್ದರಿಂದ ಎರಡು ಖಾಕಿ ಪ್ಯಾಂಟು ಹೊಲಿಸಿದ್ದಾಗಿತ್ತು. ಭಾನುವಾರ ಬೆಳಿಗ್ಗೆ ಅವನ್ನು ಒಗೆಯುವ ಕಲ್ಲಿನ ಮೇಲೆ ಹರವಿ ನೀಲಾವತಿ ಕಲೆಗಳನ್ನು ಓದುತ್ತಿದ್ದಳು. ಎಣ್ಣೆ ಜಿಡ್ಡಿದ್ದರೆ ಪ್ರೆಸ್ಸಿನ ಹತ್ತಿರ ಇದ್ದ, ಮಸಿಯಾದರೆ ಭಟ್ಟಿ, ಹಿಂಭಾಗದಲ್ಲಿ ಕೆಂಪು ಹುಡಿಯಾದರೆ, ಪಾಪ, ಒಡೆದ ಹೆಂಚಿನ ರಾಶಿಯ ಮೇಲೆ ಕೂತು ಒಬ್ಬನೇ ಬುತ್ತಿ ಉಂಡಿದ್ದಾನೆ. ಕೆಲಸದವರು ಇವನನ್ನು ಆಫೀಸಿನವನೆಂದು ದೂರ ಇಟ್ಟರೆ, ಆಫೀಸಿನವರು ಕೆಸರಿನವನೆಂದು ದೂರ ಇಟ್ಟಿದ್ದರು. ಅದನ್ನೂ ಅವಳು ಕೇಳಿ ಕೇಳಿಯೇ ತೆಗೆದದ್ದು. ಮುಂದಿನ ವಾರ ಬುತ್ತಿಗೆ ಒಂದು ಹಿಡಿ ಉಪ್ಪಿನಕಾಯಿ ಜಾಸ್ತಿ ಕಟ್ಟಿ, "ಹಂಚಿಕೊಂಡು ತಿನ್ನು, ಯಾರಾದರೂ ಹತ್ತಿರ ಬರ್ತಾರೆ" ಎಂದಳು. ಬಂದರಂತೆ. ರುಕ್ಮಯ್ಯ ಎಂಬ ಸೂಪರ್‌ವೈಸರು.

ಒಮ್ಮೊಮ್ಮೆ ಪ್ಯಾಂಟಿನಲ್ಲಿ ತೊಡೆಯವರೆಗೂ ಬೂದು ಕೆಸರು ಇರುತ್ತಿತ್ತು. ಆ ಕಲೆಯನ್ನು ಅವಳು ಏನೂ ಕೇಳದೆ ತಿಕ್ಕಿ ತೊಳೆದಳು. ಕೆಸರು ತಾನೇ. ಹುಟ್ಟಿದಂದಿನಿಂದ ತುಳಿದದ್ದರಲ್ಲಿ ಕೇಳಿ ತಿಳಿಯುವುದೇನಿದೆ?

ಕೊಯ್ಲು ಮುಗಿದು ಗದ್ದೆ ಬರಿದಾದ ಮೇಲೆ ಪ್ರತಿ ವರ್ಷದಂತೆ ಹೊಸ ಒಲೆ ಹಾಕುವ ಸಮಯ ಬಂತು. ಒಲೆಗೆ ಬಾಕಿಮಾರಿನ ಮೂಲೆಯ ಮಣ್ಣೇ ಆಗಬೇಕು. ಆ ಮಣ್ಣಿನ ಒಲೆ ಬಿರುಕು ಬಿಡುವುದಿಲ್ಲವೆಂದು ನೆರೆಕರೆಯ ಹೆಂಗಸರು ಬುಟ್ಟಿ ಹಿಡಿದುಕೊಂಡು ಬರುತ್ತಿದ್ದರು. ನೀಲಾವತಿಗೆ ಅದೊಂದು ಹೆಮ್ಮೆ. ಒಂದು ಭಾನುವಾರ ಮಣ್ಣು ಕಲಸುತ್ತಿದ್ದ ಅವಳ ಕೈ ಹಾಗೆಯೇ ನಿಂತಿತು.

"ನಿತ್ಯ, ಈ ಮಣ್ಣಿನಿಂದ ಹೆಂಚು ಆಗ್ತದಾ?"

"ನೋಡಿದರೆ ಗೊತ್ತಾಗ್ತದೆ."

"ನೋಡು ಹಾಗಾದರೆ."

ಅವಳೇ ಒಂದು ಗೋಣಿಗೆ ಮಣ್ಣು ತುಂಬಿಸಿ, ಬಾಯಿ ಹೊಲಿದು ಕೊಟ್ಟಳು. ಬಸ್ಸಿನ ಟಾಪಿನ ಮೇಲೆ ಗೋಣಿ ಏರಿಸುವಾಗ ಕಂಡಕ್ಟರು ಅಕ್ಕಿಯೋ ಅವಲೋ ಎಂದು ಕೇಳಿದನಂತೆ. ಮಣ್ಣು ಎಂದದ್ದಕ್ಕೆ, "ಪಾಣೆಮಂಗಳೂರಿನಲ್ಲಿ ಮಣ್ಣಿಗೂ ಬರವಾ ಮಾರಾಯ?" ಎಂದು ನಕ್ಕನಂತೆ.

ಹೆಂಚು ಬಂದದ್ದು ಜನವರಿಯಲ್ಲಿ. ನಿತ್ಯಾನಂದ ಅದನ್ನು ಟವಲಿನಲ್ಲಿ ಸುತ್ತಿ ಮಗುವಿನಂತೆ ಎತ್ತಿಕೊಂಡು ಬಂದ. ಎಳೆ ಹೊಂಬಣ್ಣ ಬೆರೆತ ಕೆಂಪು. ನೀಲಾವತಿ ಬೆರಳಿನ ಗಂಟಿನಿಂದ ತಟ್ಟಿದಳು. ಕಂಚಿನ ಬಟ್ಟಲಿನ ಹಾಗೆ ಠಣ್ ಎಂದಿತು. ಕಾಂತಿ ಕಿವಿಯಿಟ್ಟು ಕೇಳಿದಳು. ಮುಂಡಪ್ಪ ತೂಗಿ ನೋಡಿ, ಮೂಸಿ ನೋಡಿ, ತನ್ನದೇ ಸಾಧನೆಯೆಂಬಂತೆ ಕೆಮ್ಮಿ, ಎಷ್ಟು ಮಾಡಿದ್ದು, ಮೆನೇಜರು ಎಂತ ಅಂದರು ಎಂದು ನಿತ್ಯಾನಂದನನ್ನು ಕೇಳಿದ.

"ಎರಡು ಮಾಡಿದ್ದು. ಇನ್ನೊಂದು ಮೆನೇಜರ ಮೇಜಿನ ಮೇಲೆ ಉಂಟು. ಇಷ್ಟು ಒಳ್ಳೆಯ ಮಣ್ಣು ಈಚೆಗೆ ನೋಡಿಲ್ಲ ಅಂದ್ರು. ಎಲ್ಲಿಯದು ಅಂತ ಕೇಳಿದ್ರು."

"ನೀನು ಹೇಳಿದೆಯಾ?"

"ಕೇಳಿದ್ದಕ್ಕೆ ಹೇಳ್ಬೇಕಲ್ಲ ಅಮ್ಮ."

ಆಮೇಲೆ ಉಳಿದದ್ದನ್ನು ಮುಂಡಪ್ಪ ಕೇಳಿ ಹೊರಗೆ ತೆಗೆದ. ಕಂಪೆನಿಗೆ ಬಾಕಿಮಾರಿನ ಮಣ್ಣು ಬೇಕಂತೆ. ಬದಲಿಗೆ ಇಡೀ ಮನೆಗೆ ಹೆಂಚು ಹೊದೆಸಿ ಕೊಡುತ್ತಾರಂತೆ, ಮೇಲಿನಿಂದ ಒಂದಿಷ್ಟು ಹಣವಂತೆ. ಇಷ್ಟಲ್ಲದೆ, ವರ್ಷ ಮುಗಿದ ಮೇಲೆ ನಿತ್ಯಾನಂದನಿಗೆ ಅಲ್ಲಿಯೇ ಖಾಯಂ ಕೆಲಸ. ಈ ಕೊನೆಯ ಮಾತು ಹೇಳುವಾಗ ಹುಡುಗನ ಕಿವಿ ಕೆಂಪಾಯಿತು. ಒಡೆದ ಹೆಂಚಿನ ಮೇಲೆ ಒಬ್ಬನೇ ಕೂತು ಉಂಡವನಿಗೆ ಅಲ್ಲೇ ಕುರ್ಚಿ ಸಿಗುವುದೆಂದರೆ ಎಂಥದೆಂದು ತಾಯಿಗೆ ಗೊತ್ತಾಗದೆ ಇರುತ್ತದೆಯೇ?

"ಗದ್ದೆ?" ಎಂದಳು ನೀಲಾವತಿ.

"ಗದ್ದೆ ಎಲ್ಲಿಗೆ ಹೋಗ್ತದೆ? ಕಾಲು ಬಂದಿದೆಯಾ ಅದಕ್ಕೆ?" ಎಂದ ಮುಂಡಪ್ಪ. "ಮಣ್ಣು ತೆಗೀತಾರೆ, ಗದ್ದೆ ಅಲ್ಲೇ ಇರ್ತದೆ. ನೀಲು, ಬೆಳ್ತಂಗಡಿಯವರು ಕಾಂತಿಯನ್ನು ನೋಡ್ಲಿಕ್ಕೆ ಬಂದಾಗ ಮೊದಲು ಮಾಡನ್ನು ನೋಡಿದ್ದು, ಹುಡುಗಿಯನ್ನು ಆಮೇಲೆ. ಮರೆತೆಯಾ?"

ಯಾರೂ ಮರೆತಿರಲಿಲ್ಲ. ಕಾಂತಿ ತಲೆ ತಗ್ಗಿಸಿ ತಟ್ಟೆಯಲ್ಲಿ ಗೆರೆ ಎಳೆಯುತ್ತಿದ್ದಳು. ನೀಲಾವತಿ "ಆಗಲಿ ಅಣ್ಣ" ಎಂದಳು. ಅವಳ ಒಪ್ಪಿಗೆ ಇಲ್ಲದೆ ಗದ್ದೆಯ ಮಣ್ಣು ಮಾರುವ ಹಾಗಿರಲಿಲ್ಲ. ರುಜು ಹಾಕುವುದು ಅಳತೆ ಆದ ಮೇಲೆ ಎಂದಾಯಿತು. ಮುಂಡಪ್ಪನ ಉತ್ಸಾಹ ಎಷ್ಟೆಂದರೆ, ಆ ವರ್ಷ ಗುಡ್ಡದಿಂದ ಮುಳಿಹುಲ್ಲು ಕೊಯ್ಯಿಸಲೇ ಇಲ್ಲ. ಹೆಂಚು ಬರುವ ಮನೆಗೆ ಹುಲ್ಲೆಂತಕ್ಕೆ?

ನೀಲಾವತಿ ಹೆಂಚನ್ನು ಬಚ್ಚಲಿನ ನೀರಿನ ಮರಿಗೆಯೊಳಗೆ ಮುಳುಗಿಸಿ ಇಟ್ಟಳು. ದಿನಾ ಬೆಳಿಗ್ಗೆ ಎತ್ತಿ ಉಗುರಿನಿಂದ ಗೀರಿ ನೋಡುವುದು, ಮತ್ತೆ ಮುಳುಗಿಸುವುದು. ಮಗ ಹೇಳಿದ್ದು ನಿಜ, ಕರಗಲಿಲ್ಲ.

ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಗದ್ದೆಯ ಬದಿಗೆ ಜೀಪು ಬಂದು ನಿಂತಿತು. ನಿತ್ಯಾನಂದ, ರುಕ್ಮಯ್ಯ, ಮತ್ತೆ ಇಬ್ಬರು ಆಳುಗಳು. ಅವರ ಹೆಗಲ ಮೇಲೆ ಮಣ್ಣು ಕೊರೆಯುವ ಕಬ್ಬಿಣದ ಸಲಾಕೆ. ಎಷ್ಟು ಆಳದವರೆಗೆ ಒಳ್ಳೆಯ ಮಣ್ಣಿದೆಯೆಂದು ನೋಡಬೇಕಲ್ಲ. ನೀಲಾವತಿ ಅಕ್ಕಿ ಹುರಿಯುತ್ತಿದ್ದವಳು ಕಿಟಕಿಯಿಂದ ಅದನ್ನು ಕಂಡಳು. ಬಾಣಲೆ ಇಳಿಸಿ, ಸೆರಗು ಸಿಕ್ಕಿಸಿಕೊಂಡು ಗದ್ದೆಯ ನಡುವೆ ಓಡಿದಳು.

"ನಿಲ್ಲಿಸಿ! ಹಾಕಬೇಡಿ! ಇವತ್ತು ಕೆಡ್ಡಸ!"

ಸಲಾಕೆ ಎತ್ತಿದವರ ಕೈ ಎತ್ತಿದಲ್ಲಿಯೇ ನಿಂತಿತು. ತುಳುನಾಡಿನಲ್ಲಿ ಹುಟ್ಟಿದವರಿಗೆ ಬೇರೆ ವಿವರಣೆ ಬೇಡ. ಕೆಡ್ಡಸದ ಮೂರು ದಿನ ಭೂಮಿ ಮುಟ್ಟಾಗುವ ದಿನಗಳು. ಆಗ ಯಾರೂ ಉಳುವುದಿಲ್ಲ, ಅಗೆಯುವುದಿಲ್ಲ, ಒಂದು ಗಿಡ ಸಹ ಕೀಳುವುದಿಲ್ಲ. ರುಕ್ಮಯ್ಯ ನಾಲಿಗೆ ಕಚ್ಚಿಕೊಂಡ.

"ತಪ್ಪಾಯಿತು ಅಕ್ಕ. ಕಂಪೆನಿಯ ಕ್ಯಾಲೆಂಡರಿನಲ್ಲಿ ಇದು ಇಲ್ಲ."

"ಕ್ಯಾಲೆಂಡರಿನಲ್ಲಿ ಇಲ್ಲ, ಸರಿ. ನೀನು ಈ ಮನೆಯವನಲ್ಲವಾ ನಿತ್ಯ?"

ನಿತ್ಯಾನಂದ ಆಳುಗಳ ಕೈಯಿಂದ ಸಲಾಕೆ ಇಳಿಸಿದ. ಕಳೆದ ವರ್ಷ ಇದೇ ಅಂಗಳದಲ್ಲಿ ಕೆಡ್ಡಸದ ಹುರಿದಕ್ಕಿ ಬೆಲ್ಲದ ಹುಡಿ ತಿಂದವನು. ಹೇಗೆ ಮರೆತನೆಂದು ಅವನಿಗೇ ಆಶ್ಚರ್ಯವಾದಂತಿತ್ತು. ನೀಲಾವತಿ ಎಲ್ಲರಿಗೂ ಬಾಳೆಲೆಯಲ್ಲಿ ಆ ಹುಡಿಯನ್ನೇ ಕೊಟ್ಟು, ಮೂರು ದಿನ ಕಳೆದು ಬನ್ನಿ ಎಂದು ಜೀಪು ಹತ್ತಿಸಿದಳು. ಮಗನನ್ನು ಮಾತ್ರ ನಿಲ್ಲಿಸಿಕೊಂಡಳು.

"ಈ ಮೂರು ದಿನ ನನಗೂ ಗದ್ದೆ ಕೆಲಸ ಇಲ್ಲ. ನಾಳೆ ನಿನ್ನ ಕಂಪೆನಿ ನೋಡಿ ಬರುವ."

"ಹೆಂಗಸರು ಕಂಪೆನಿ ನೋಡುವುದೆಂತ?" ಎಂದು ಮುಂಡಪ್ಪ ಜಗಲಿಯಿಂದಲೇ ಗುಡುಗಿದ.

"ಅಲ್ಲಿ ಕೆಲಸಕ್ಕೆ ಹೋಗುವವರು ಹೆಚ್ಚು ಹೆಂಗಸರೇ ಅಣ್ಣ. ನಿತ್ಯ ಹೇಳಿದ್ದಾನೆ."

ಮಾರನೆಯ ದಿನ ಬಂಟ್ವಾಳಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ನೇತ್ರಾವತಿಯ ಸೇತುವೆ ದಾಟುವಾಗ ನೀಲಾವತಿ ಅರ್ಧ ಎದ್ದು ನಿಂತು, ಕಂಬಗಳನ್ನು ನೀರಿನೊಳಗೆ ನಿಲ್ಲಿಸಿದ್ದು ಹೇಗೆಂದು ಕೇಳಿದಳು. ಕಂಪೆನಿಯ ಗೇಟಿನೊಳಗೆ ಕಾಲಿಟ್ಟ ಮೇಲಂತೂ ಅವಳಿಗೆ ಹಬ್ಬ. ಅಡುಗೆಮನೆಯಲ್ಲಿ ಕೂತು ಕಲ್ಪಿಸಿಕೊಂಡದ್ದೆಲ್ಲ ಕಣ್ಣೆದುರಿಗೆ ಸದ್ದು ಮಾಡುತ್ತಿತ್ತು. ಪ್ರೆಸ್ಸಿನ ಚಕ್ರ ತಿರುಗಿಸುವವನ ತೋಳು ನೋಡಿದಳು. ಅಂಚು ಸವರುವ ಹೆಂಗಸರ ಪಕ್ಕ ಕೂತು, ಒಬ್ಬಳ ಕೈಯಿಂದ ತಂತಿ ತೆಗೆದುಕೊಂಡು ತಾನೂ ಒಂದು ಹಸಿ ಹೆಂಚು ಸವರಿ, ಸೊಟ್ಟ ಮಾಡಿ, ಅವರೆಲ್ಲ ನಕ್ಕಾಗ ತಾನೂ ನಕ್ಕಳು. "ನಿತ್ಯಣ್ಣನ ಅಮ್ಮನಾ? ಉಪ್ಪಿನಕಾಯಿಯವರಾ?" ಎಂದು ಅವರು ಕೇಳಿದಾಗ ಅವಳಿಗೆ ಒಳಗೊಳಗೇ ಖುಷಿಯಾಯಿತು. ಚಿಮಿಣಿಯ ತುದಿ ನೋಡಲು ಹೋಗಿ ಸೆರಗು ತಲೆಯಿಂದ ಜಾರಿತು.

ಅಂಗಳದ ಕೊನೆಯಲ್ಲಿ ಹಸಿ ಮಣ್ಣಿನ ಗುಡ್ಡೆ ಇತ್ತು. ಮುಳಿಯ ಮನೆಗಿಂತ ಎತ್ತರ.

"ಇದೆಲ್ಲ ಎಲ್ಲಿಂದ ಬರುವುದು?"

"ಆಚೆಯಿಂದ."

"ಆಚೆ ಎಂದರೆ?"

"ಆಚೆ ಅಮ್ಮ... ಹೊಳೆಬದಿಯಲ್ಲಿ. ಬಿಸಿಲು ಏರ್ತಾ ಉಂಟು, ಹೋಗುವ."

"ಬಿಸಿಲು ನನಗೆ ಹೊಸತಾ? ನಡಿ."

ಅವನು ಮುಂದೆ, ಅವಳು ಹಿಂದೆ. ತೆಂಗಿನ ಸಾಲು ದಾಟಿದ ಕೂಡಲೇ ನೆಲ ಕಡಿದು ಬಿದ್ದಂತೆ ಕೊನೆಯಾಯಿತು. ಕೆಳಗೆ ಹಸಿರು ನೀರು. ಒಂದಲ್ಲ, ಒಂದರ ಪಕ್ಕ ಒಂದು, ನಡುವೆ ನಡೆಯುವಷ್ಟೇ ಅಗಲದ ಏರಿ. ಇಷ್ಟು ಚೌಕವಾದ ಕೆರೆಗಳನ್ನು ನೀಲಾವತಿ ನೋಡಿರಲಿಲ್ಲ. ದಡದಲ್ಲೊಂದು ಹೆಂಚಿನ ಮನೆ. ಜಗಲಿಯಲ್ಲಿ ತಲೆಗೆ ವಸ್ತ್ರ ಹೊದ್ದ ಮುದುಕಿ ಬೀಡಿ ಕಟ್ಟುತ್ತಿದ್ದಳು. ನಿತ್ಯಾನಂದನನ್ನು ಕಂಡು, "ಬಾ ಮಗ" ಎಂದಳು. ಬೀಪಾತುಮ್ಮ ಎಂದು ಅವನು ಪರಿಚಯ ಹೇಳಿದ. ಆಕೆ ಇಬ್ಬರಿಗೂ ಬೆಲ್ಲ ನೀರು ತಂದುಕೊಟ್ಟಳು.

"ಈ ಕೆರೆ ಯಾರು ತೋಡಿಸಿದ್ದು ಅಕ್ಕ?"

"ಕೆರೆಯೆಂತ! ಗದ್ದೆ ಅದು. ಈ ಎದುರಿನದು ನಮ್ಮದು, ಅದರಾಚೆಯದು ನನ್ನ ತಮ್ಮ ಮೊಯಿದಿನಬ್ಬನದು."

ನೀಲಾವತಿಯ ಕೈಯಲ್ಲಿ ಲೋಟ ಅಲ್ಲೇ ನಿಂತಿತು. "ಇಷ್ಟು ಆಳ?"

"ಮೊದಲು ಮೊಣಕಾಲಿನಷ್ಟು ಎಂದ್ರು. ಮಣ್ಣು ಕೆಟ್ಟದಿದ್ದಿದ್ದರೆ ಅಷ್ಟಕ್ಕೇ ಬಿಡ್ತಿದ್ರೋ ಏನೋ. ಒಳ್ಳೆಯ ಮಣ್ಣು ತಂಗಿ. ತೆಗೆದಷ್ಟೂ ಇತ್ತು." ಆಕೆ ಬೀಡಿಗೆ ನೂಲು ಸುತ್ತುತ್ತ ಸಹಜವಾಗಿಯೇ ಹೇಳಿದಳು. "ಮನೆ ಕೆಟ್ಟದಾಗಿಲ್ಲ, ನೋಡು, ಒಂದು ಹನಿ ಸೋರುವುದಿಲ್ಲ. ಮಳೆಗಾಲದಲ್ಲಿ ಸುಮ್ಮನೆ ಕೂತರೆ ಮಾತ್ರ ಒಂದು ಥರ ಆಗ್ತದೆ. ನಾಟಿಯ ಹಾಡು ಕೇಳುವುದಿಲ್ಲ. ಕಪ್ಪೆ ಮಾತ್ರ."

ನೀಲಾವತಿ ಎದ್ದು ಏರಿಯ ಮೇಲೆ ಹೋಗಿ ಕೂತು ನೀರಿಗೆ ಕೈ ಹಾಕಿ ನೋಡಿದಳು. ತಳ ಸಿಗಲಿಲ್ಲ. ಏರಿಯ ಮಣ್ಣನ್ನು ಬೆರಳಿಂದ ಮುರಿದಳು; ಬೂದು ಬಣ್ಣ, ಜಿಗುಟು. ಪ್ಯಾಂಟಿನಲ್ಲಿ ತೊಡೆಯವರೆಗೆ ಬರುತ್ತಿದ್ದ ಆ ಕಲೆ.

"ನೀನು ಇಲ್ಲಿಗೆ ಬರ್ತಿದ್ದೆಯಾ?"

"ವಾರಕ್ಕೊಮ್ಮೆ. ಮಣ್ಣು ತೆಗೆಯುವಾಗ."

"ಇದು ಹೀಗಾಗ್ತದೆ ಅಂತ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

ಅವನು ಬೂಟಿನ ತುದಿಯಿಂದ ಒಂದು ಹೆಂಟೆ ಮಣ್ಣನ್ನು ನೀರಿಗೆ ತಳ್ಳಿದ.

"ನೀನು ಕೇಳಲಿಲ್ಲ ಅಮ್ಮ."

ಕೆನ್ನೆಗೆ ಹೊಡೆದಂತಾಯಿತು ನೀಲಾವತಿಗೆ. ಸಿಟ್ಟು ಮೊದಲು ಮಗನ ಮೇಲೆ ಬಂತು, ಆಮೇಲೆ ತನ್ನ ಮೇಲೆ ತಿರುಗಿತು. ಬೆಂಕಿ ಕೇಳಿದಳು, ಬಣ್ಣ ಕೇಳಿದಳು, ಚಿಮಿಣಿ ಎಷ್ಟೆತ್ತರವೆಂದು ಕೇಳಿದಳು. ಮಣ್ಣು ತೆಗೆದ ಜಾಗ ಏನಾಯಿತೆಂದು ಒಂದು ಶನಿವಾರವೂ ಕೇಳಿರಲಿಲ್ಲ. ಆ ದಿನ ಬಸ್ಸಿನಲ್ಲಿ ಅವಳು ಯಾರನ್ನೂ ಏನನ್ನೂ ಕೇಳಲಿಲ್ಲ. ಸೇತುವೆ ಬಂತು, ಹೋಯಿತು.

ಕೆಡ್ಡಸದ ಕೊನೆಯ ದಿನ ಹೆಂಗಸರು ಭೂಮಿಗೆ ಎಣ್ಣೆ ಬಿಡುವ ದಿನ. ನೀಲಾವತಿ ತುಳಸಿಕಟ್ಟೆಯ ಎದುರಿಗೆ ಸೆಗಣಿ ಸಾರಿಸಿ, ಅರಿಶಿನ ಕುಂಕುಮ ಇಟ್ಟು, ನೆಲದ ಮೇಲೆ ಎಣ್ಣೆ ಬಿಟ್ಟಳು. ಅದು ಮೆಲ್ಲಗೆ ಇಂಗುವವರೆಗೆ ನೋಡಿ, ಎದ್ದು ಕೈ ಒರೆಸಿಕೊಂಡಳು.

"ಅಣ್ಣ, ಬಾಕಿಮಾರು ಕೊಡುವುದು ಬೇಡ."

ಮುಂಡಪ್ಪನ ಬಾಯಿಯಲ್ಲಿದ್ದ ಎಲೆಯಡಿಕೆ ಅಂಗಳಕ್ಕೆ ಹಾರಿತು. "ತಲೆ ಸರಿ ಉಂಟಾ ನಿನಗೆ? ಮಾತು ಕೊಟ್ಟಾಗಿದೆ! ಮುಳಿ ಸಹ ಕೊಯ್ಯಿಸಿಲ್ಲ ನಾನು!"

"ಗದ್ದೆ ಅಲ್ಲೇ ಇರ್ತದೆ ಅಂದ್ರಿ. ನಾನು ನೋಡಿ ಬಂದೆ. ಇರುವುದಿಲ್ಲ. ನೀರು ಇರ್ತದೆ."

"ಮಗನ ಕೆಲಸ? ಅದಕ್ಕೆಂತ ಹೇಳ್ತಿ? ಹೆತ್ತವಳೇ ಅವನ ಬಾಳಿಗೆ ಅಡ್ಡ ಮಲಗುವುದಾ?"

ನೀಲಾವತಿ ಎಣ್ಣೆಯ ಗಿಂಡಿಯನ್ನು ಕಟ್ಟೆಯ ಮೇಲಿಟ್ಟಳು. ನಿತ್ಯಾನಂದನ ಕಡೆ ನೋಡಿದಳು. ಅವನು ಕಂಬಕ್ಕೆ ಒರಗಿ ಎಲ್ಲೋ ನೋಡುತ್ತಿದ್ದ. ಕಾಂತಿಯಾದರೂ ತನ್ನ ಕಡೆಗೆ ನಿಲ್ಲುವಳೆಂದುಕೊಂಡಿದ್ದಳು. ಕಾಂತಿ ಅಳುತ್ತಾ, "ನನಗೆ ಹೆಂಚಿನ ಮನೆ ಬೇಕಿತ್ತು ಅಮ್ಮ. ಇನ್ನೊಬ್ಬರು ನೋಡ್ಲಿಕ್ಕೆ ಬಂದರೆ ಮತ್ತೆ ಅದೇ" ಎಂದು ಒಳಗೆ ಓಡಿದಳು. ಆ ಮನೆಯಲ್ಲಿ ಅವತ್ತು ನೀಲಾವತಿಯ ಪರವಾಗಿ ಒಬ್ಬರೂ ಇರಲಿಲ್ಲ. ಅವಳಿಗೆ ಹೆದರಿಕೆಯಾಯಿತು, ಆದರೂ ರುಜು ಹಾಕಲಿಲ್ಲ.

ಮುಂಡಪ್ಪ ಅವತ್ತೇ ಶಿರ್ತಾಡಿಗೆ ಹೋದವನು ವಾರಗಟ್ಟಲೆ ಬರಲಿಲ್ಲ. ನಿತ್ಯಾನಂದ ಎರಡು ಶನಿವಾರ ತಪ್ಪಿಸಿದ. ಮೂರನೆಯದಕ್ಕೆ ಬಂದ, ಉಂಡ, ಮಲಗಿದ. ನೀಲಾವತಿಗೆ ಕೇಳಲು ಧೈರ್ಯವಿಲ್ಲ, ಅವನಿಗೆ ಹೇಳುವ ಅಭ್ಯಾಸವಿಲ್ಲ. ಭಾನುವಾರ ಅವಳು ಪ್ಯಾಂಟು ಒಗೆದಳು. ಎಣ್ಣೆಯಿಲ್ಲ, ಮಸಿಯಿಲ್ಲ, ಕೆಸರಿಲ್ಲ. ಅವನನ್ನು ಒಂದು ಮೂಲೆಯ ಕುರ್ಚಿಯಲ್ಲಿ ಸುಮ್ಮನೆ ಕೂರಿಸಿದ್ದಾರೆಂದು ಅವಳಿಗೆ ಗೊತ್ತಾಗಿಹೋಯಿತು. ಒಗೆಯುವ ಕಲ್ಲಿನ ಹತ್ತಿರ ಅವಳು ಮನಸಾರೆ ಅತ್ತಳು.

ಮಳೆಗಾಲ ಹತ್ತಿರ ಬಂದಂತೆ ಮಾಡಿನ ಚಿಂತೆ ಹಿಡಿಯಿತು. ಕಾಂತಿ ಮೂತಿ ಊದಿಸಿಕೊಂಡೇ ತಾಯಿಯೊಡನೆ ಕೂತು ತೆಂಗಿನ ಮಡಲು ಹೆಣೆದಳು. ಅದು ಹಿಂಬದಿಯ ಮಾಡಿಗೂ ಸಾಲುವ ಹಾಗಿರಲಿಲ್ಲ. ಏಪ್ರಿಲ್ ಕೊನೆಗೆ ಒಂದು ಮಧ್ಯಾಹ್ನ ಗಾಡಿಯ ಗಡಗಡ ಕೇಳಿಸಿತು. ಮುಂಡಪ್ಪ ಮುಳಿಹುಲ್ಲಿನ ಕಟ್ಟುಗಳನ್ನು ಅಂಗಳಕ್ಕೆ ಎಸೆಯುತ್ತಿದ್ದ.

"ಶಿರ್ತಾಡಿಯಲ್ಲಿ ದನದ ಹಟ್ಟಿಗೆ ಅಂತ ಕೊಯ್ದದ್ದು. ಹೆಂಡತಿ ಮನೆಯವರ ಹತ್ತಿರ ಹುಲ್ಲು ಬೇಡುವ ಗತಿ ತಂದಿಟ್ಟೆಯಲ್ಲ, ಹಟಮಾರಿ!"

"ಗಂಜಿ ಉಣ್ಣುತ್ತೀರಾ ಅಣ್ಣ?"

"ಉಣ್ಣದೆ? ಉಪವಾಸ ಬಂದಿದ್ದೇನೆ ಬೆಳಿಗ್ಗೆಯಿಂದ."

ಚಟ್ನಿ ಸಾಲದೆಂದು ಬೈದುಕೊಂಡೇ ಎರಡು ಸಲ ಹಾಕಿಸಿಕೊಂಡ.

ಮೇ ಕೊನೆಗೆ ನಿತ್ಯಾನಂದ ಟ್ರಂಕು ಹೊತ್ತು ಮನೆಗೆ ಬಂದ. ಸರ್ಟಿಫಿಕೇಟು ಕೊಟ್ಟಿದ್ದರು, ಕೆಲಸ ಬಲ್ಲವನೆಂದೇ ಬರೆದಿದ್ದರು. ಖಾಯಂ ಕೆಲಸ ಮಾತ್ರ ಇನ್ನೊಬ್ಬ ಹುಡುಗನಿಗೆ ಹೋಗಿತ್ತು. ಅಲ್ಲಿ ಇಲ್ಲಿ ಅರ್ಜಿ ಹಾಕಿದ್ದೇನೆ ಎಂದಷ್ಟೇ ಹೇಳಿದ, ಅದೂ ಮುಂಡಪ್ಪ ಕೇಳಿದ ಮೇಲೆ.

ಮಳೆ ಹಿಡಿಯಿತು. ಪಡುಬದಿಯ ಕೋಣೆ ಸೋರತೊಡಗಿ, ಇದ್ದಬದ್ದ ಚೆಂಬು ಪಾತ್ರೆಗಳೆಲ್ಲ ಅಲ್ಲಿ ಸಾಲಾಗಿ ಕೂತವು. ಬಾಕಿಮಾರು ತುಂಬಿತು. ನಾಟಿಯ ಹಿಂದಿನ ದಿನ ಒಡ್ಡಿನ ಕಂಡಿ ಒಡೆದು ನೀರು ಕೆಳಗಿನ ಗದ್ದೆಗೆ ಧುಮುಕುತ್ತಿತ್ತು. ಎಷ್ಟು ಮಣ್ಣು ಮೆತ್ತಿದರೂ ಕೊಚ್ಚಿಕೊಂಡು ಹೋಗುವುದು ಅಲ್ಲಿಯ ಪ್ರತಿ ವರ್ಷದ ರಗಳೆ. ನೀಲಾವತಿ ಮಳೆಗೆಂದು ಬೆನ್ನಿಗೆ ತಾಳೆಗರಿಯ ಕೊರಂಬು ಹೊದ್ದು ಅಲ್ಲಿ ಬಗ್ಗಿದ್ದಳು. ನಿತ್ಯಾನಂದ ಕೊಡೆ ಹಿಡಿದು ಒಡ್ಡಿನ ಮೇಲೆ ಬಂದು ನಿಂತ.

ಕಂಡಿಯಲ್ಲಿ ಆ ಹೆಂಚು ಇತ್ತು. ಅವಳು ಅದನ್ನು ಓರೆಯಾಗಿ ಕೂರಿಸಿ, ಎರಡೂ ಬದಿಗೆ ಕೆಸರು ಒತ್ತಿದ್ದಳು. ಹೆಚ್ಚಾದ ನೀರು ಅದರ ಮೇಲಿನಿಂದ ಜಾರಿ ಇಳಿಯುತ್ತಿತ್ತು. ಮಣ್ಣು ಹೋಗುತ್ತಿರಲಿಲ್ಲ.

"ಯಾರು ಹೇಳಿಕೊಟ್ಟದ್ದು?" ಎಂದ.

"ನೀನೇ ಹೇಳಿದ್ದಲ್ಲವಾ? ಸುಟ್ಟ ಮಣ್ಣು ಕರಗುವುದಿಲ್ಲ ಅಂತ. ಅಷ್ಟು ದಿನ ನೀರಿನಲ್ಲಿಟ್ಟು ನೋಡಿದ್ದೇನೆ."

ಅವನು ಕುಕ್ಕರುಗಾಲಿನಲ್ಲಿ ಕೂತು ನೀರಿನ ಓಟ ನೋಡಿದ. ನೀಲಾವತಿ ಬೆನ್ನು ನೆಟ್ಟಗೆ ಮಾಡಿ ನಿಂತಳು. ಫೆಬ್ರವರಿಯಿಂದ ಕೇಳದೆ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಈಗ ಕೇಳಿದಳು.

"ಮಗ, ನನ್ನಿಂದ ನಿನ್ನ ಕೆಲಸ ಹೋಯಿತು ಅಂತ ಮನಸ್ಸಿನಲ್ಲಿ ಉಂಟಾ?"

"ಉಂಟು."

ಸುಳ್ಳು ಹೇಳುವ ಹುಡುಗನಲ್ಲ. ಅವಳು ತಲೆಯಾಡಿಸಿ ಮತ್ತೆ ಕೆಸರಿಗೆ ಬಗ್ಗಿದಳು. ಕೊರಂಬಿನ ಮೇಲೆ ಮಳೆ ಹೊಯ್ಯುತ್ತಿತ್ತು. ಅವನು ಹೋಗಿರಬಹುದೆಂದು ಅವಳು ಅಂದುಕೊಂಡಳು.

"ಅಮ್ಮ."

"ಎಂತ?"

"ನೇಜಿ ನಡುವಾಗ ಗದ್ದೆಯಲ್ಲಿ ನೀರು ಎಷ್ಟು ನಿಲ್ಲಬೇಕು?"

ನೀಲಾವತಿ ತಿರುಗಿ ನೋಡಿದಳು. ಹುಟ್ಟಿದ ಮೇಲೆ ಗದ್ದೆಯ ಕೆಲಸದ ಬಗ್ಗೆ ಅವನು ತಾನಾಗಿ ಕೇಳಿದ ಮೊದಲ ಪ್ರಶ್ನೆಯೇ ಇರಬೇಕು ಇದು. ಕೊಡೆ ಮಡಚಿ ಒಡ್ಡಿನ ಮೇಲೆ ಇಟ್ಟಿದ್ದ. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚುತ್ತಿದ್ದ.

"ಇನ್ನೂ ಮೇಲೆ ಮಡಚು, ಒಗೆಯುವವಳು ನಾನು," ಎಂದಳು ಅವಳು. "ಇಳಿ ಕೆಳಗೆ. ಹೇಳ್ತೇನೆ. ನೀನು ಕೇಳದ್ದನ್ನೂ ಹೇಳ್ತೇನೆ."